ಹೊರದೇಶಕ್ಕೆ ಹೊರಟವರ ಚೀಲದಲ್ಲಿ ಏನಿದೆ?

(ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ಮಹಿಳಾ ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಬೆಳಿಗ್ಗೆ ಕಸ ಮುಸುರೆ ಮುಗಿಸಿ, ಮಕ್ಕಳಿಗೆ ಡಬ್ಬಿ ಕಟ್ಟಿ, ಜಗಳೂರು ಕಡೆಯವರು ಎರಡೆರಡು ಬಸ್ಸು ಹತ್ತಿ ಇಳಿದು ಇಲ್ಲಿಗೆ ಬಂದಿದ್ದೀರಿ. ಸಭೆಯ ಕಾಗದದಲ್ಲಿ ಇವತ್ತಿನ ವಿಷಯ "ಉಳಿತಾಯ ಮತ್ತು ಸಾಲ ಮರುಪಾವತಿ" ಅಂತ ಇತ್ತು. ಆ ವಿಷಯವನ್ನು ಬಿಟ್ಟಿಲ್ಲ. ಆದರೆ ಅದಕ್ಕೆ ಹೋಗುವ ಮೊದಲು ಗಾಂಜಾ ಬಗ್ಗೆ ಸ್ವಲ್ಪ ಮಾತಾಡೋಣ. ಕೆಲವರು ಸೆರಗು ಬಾಯಿಗೆ ಇಟ್ಟುಕೊಂಡು ನಗುತ್ತಿದ್ದೀರಿ. ನಗಿ, ಪರವಾಗಿಲ್ಲ. ಸಿಸ್ಟರ್ ಬಾಯಲ್ಲಿ ಗಾಂಜಾ ಅಂದರೆ ಯಾರಿಗಾದರೂ ನಗು ಬರುತ್ತದೆ.

ಈ ವಿಷಯ ತೆಗೆಯುವುದಕ್ಕೆ ಒಬ್ಬ ತಾಯಿ ಕಾರಣ. ನಿಮ್ಮ ಹಾಗೆಯೇ ಸಂಘದ ಸದಸ್ಯೆ. ಹೆಸರು ಹೇಳುವುದಿಲ್ಲ, ಊರೂ ಹೇಳುವುದಿಲ್ಲ. "ನಮ್ ಕಥೆ ಹೇಳ್ರಿ ಸಿಸ್ಟರ್, ಹೆಸರು ಮಾತ್ರ ಬ್ಯಾಡ" ಅಂತ ಅವರೇ ಒಪ್ಪಿಗೆ ಕೊಟ್ಟಿದ್ದಾರೆ. ಒಂದು ಸಂಜೆ ನಮ್ಮ ಕಾನ್ವೆಂಟಿನ ಬಾಗಿಲಿಗೆ ಬಂದು, ಒಳಗೆ ಬನ್ನಿ ಅಂದರೂ ಬಾರದೆ, ಮೆಟ್ಟಿಲ ಮೇಲೆ ನಿಂತೇ ಕೇಳಿದರು: "ಭಂಗಿ ಸೇದಿದ್ದಕ್ಕೆ ಜೈಲಿಗೆ ಹಾಕ್ತಾರಾ ಸಿಸ್ಟರ್? ಅದೂ ನಮ್ಮೂರಾಗ ಸೇದಿದ್ದಕ್ಕೆ?"

ಅವರ ಮಗ ಜೆಸಿಬಿ ಓಡಿಸುವ ಹುಡುಗ. ಇಪ್ಪತ್ತನಾಲ್ಕು ವರ್ಷ. ಗಲ್ಫ್‌ನ ಒಂದು ದೇಶದಲ್ಲಿ ಕೆಲಸ ಸಿಕ್ಕಿತ್ತು. ಖರ್ಚಿಗೆ ತಾಯಿ ಸಂಘದಿಂದ ಅರವತ್ತು ಸಾವಿರ ಸಾಲ ತೆಗೆದರು, ಕಿವಿಯ ಓಲೆ ಅಡ ಇಟ್ಟರು. ಹೊರಡುವ ಮೂರು ದಿನ ಮೊದಲು ಗೆಳೆಯರೆಲ್ಲ ಸೇರಿ ನಾಲೆ ಏರಿಯ ಮೇಲೆ ಅವನಿಗೆ ಪಾರ್ಟಿ ಕೊಟ್ಟರು. ಕೋಳಿ, ಬಾಡೂಟ, ಅದರ ಜೊತೆಗೆ ಸೊಪ್ಪು. ಅವನಿಗೆ ಅದು ಹೊಸದೇನಲ್ಲ, ಐಟಿಐ ಓದುವಾಗಿನಿಂದ ಇತ್ತು. ಅಲ್ಲಿಗೆ ಹೋಗಿ ಹತ್ತು ದಿನ ಆಗಿರಲಿಲ್ಲ. ಇವನಿದ್ದ ಕೋಣೆಗೆ ರಾತ್ರಿ ಪೊಲೀಸರು ಬಂದರು. ಬೇರೆ ಯಾರದೋ ಹಾಸಿಗೆ ಕೆಳಗೆ ಒಂದು ಸಣ್ಣ ಪೊಟ್ಟಣ ಸಿಕ್ಕಿತು. ಕೋಣೆಯಲ್ಲಿದ್ದವರೆಲ್ಲರ ಮೂತ್ರ ಪರೀಕ್ಷೆ ಮಾಡಿಸಿದರು. ಇವನದರಲ್ಲಿ ಗಾಂಜಾ ಇದೆ ಅಂತ ಬಂತು. "ನಾನು ಇಲ್ಲಿ ಸೇದಿಲ್ಲ, ನಮ್ಮೂರಲ್ಲಿ ಸೇದಿದ್ದು" ಅಂತ ಹುಡುಗ ಇದ್ದ ನಿಜ ಹೇಳಿದ. ಆ ನಿಜದಿಂದ ಅವನಿಗೆ ಏನೂ ಉಪಯೋಗ ಆಗಲಿಲ್ಲ.

ಇಲ್ಲಿ ನಮ್ಮ ತಪ್ಪನ್ನೂ ಹೇಳಿಬಿಡುತ್ತೇವೆ. ಆ ಸಾಲ ಮಂಜೂರು ಆಗುವಾಗ ನಾವೂ ಆ ಸಭೆಯಲ್ಲಿ ಕೂತಿದ್ದೆವು. ಪಾಸ್‌ಪೋರ್ಟ್ ನೋಡಿದೆವು, ಏಜೆಂಟನಿಗೆ ಸರ್ಕಾರದ ನೋಂದಣಿ ಇದೆಯೇ ಅಂತ ಕೇಳಿದೆವು, ಸಂಬಳ ಎಷ್ಟು, ಊಟ ವಸತಿ ಯಾರದು ಅಂತ ವಿಚಾರಿಸಿದೆವು. ಸಮಾಜಸೇವೆಯಲ್ಲಿ ಓದಿ ಡಿಗ್ರಿ ತೆಗೆದುಕೊಂಡ ನಮಗೆ ಒಂದು ಪ್ರಶ್ನೆ ಹೊಳೆಯಲಿಲ್ಲ: "ಏನಪ್ಪಾ, ನಿನಗೆ ಸೇದುವ ಅಭ್ಯಾಸ ಇದೆಯಾ?" ಕೇಳಿದ್ದರೆ ಹುಡುಗ ಹೇಳುತ್ತಿದ್ದನೋ ಇಲ್ಲವೋ. ಆದರೆ ತಾಯಿಗೆ ಗೊತ್ತಿತ್ತು. ಅಕ್ಕಪಕ್ಕ ಕೂತಿದ್ದ ಇಬ್ಬರು ಸದಸ್ಯೆಯರಿಗೂ ಗೊತ್ತಿತ್ತಂತೆ.

ಗೊತ್ತಿದ್ದೂ ಯಾಕೆ ಯಾರೂ ಬಾಯಿ ಬಿಡಲಿಲ್ಲ? ನಾವು ಆಮೇಲೆ ಬಹಳ ಯೋಚಿಸಿದೆವು. ನಾಚಿಕೆ ಒಂದು ಕಾರಣ. ಇನ್ನೊಂದು ಏನೆಂದರೆ, ನಮ್ಮ ಕಡೆ ಅದನ್ನು ಅಷ್ಟು ದೊಡ್ಡ ವಿಷಯ ಅಂತ ಯಾರೂ ತಿಳಿದಿಲ್ಲ. ಶಿವರಾತ್ರಿ ಜಾಗರಣೆಯಲ್ಲಿ ಹಿರಿಯರು ಚಿಲುಮೆ ಕೈಯಿಂದ ಕೈಗೆ ದಾಟಿಸುವುದನ್ನು ನಿಮ್ಮಲ್ಲಿ ಎಷ್ಟೋ ಜನ ಚಿಕ್ಕವರಿದ್ದಾಗ ನೋಡಿದ್ದೀರಿ. ಜಾತ್ರೆಗೆ ಬರುವ ಬೈರಾಗಿಗಳನ್ನು ನೋಡಿದ್ದೀರಿ. ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರ ಜಾತ್ರೆಯಲ್ಲಿ ಭಕ್ತರು ಗಾಂಜಾವನ್ನು ಪ್ರಸಾದದಂತೆ ತೆಗೆದುಕೊಳ್ಳುವ ರೂಢಿಯ ಬಗ್ಗೆ ಪತ್ರಿಕೆಗಳಲ್ಲೇ ಬಂದಿತ್ತು. ಆ ಕಡೆಯ ಶರಣರು, ಅವಧೂತರು ಅನ್ನುವ ಪರಂಪರೆಗಳಲ್ಲಿ ಧ್ಯಾನಕ್ಕೆ ಅಂತ ಅದನ್ನು ಬಳಸುವವರು ಇದ್ದಾರೆ. ನಾವು ಬೇರೆ ಧರ್ಮದಲ್ಲಿ ಬೆಳೆದವರು, ಇನ್ನೊಬ್ಬರ ದೇವರ ಮನೆಯ ವಿಚಾರದಲ್ಲಿ ತೀರ್ಪು ಕೊಡುವುದಕ್ಕೆ ಹೋಗುವುದಿಲ್ಲ. ನಮ್ಮ ಮನೆಗಳಲ್ಲಿ ಹಬ್ಬಕ್ಕೆ ದ್ರಾಕ್ಷಾರಸ ಇರುತ್ತಿತ್ತು, ಅದನ್ನೂ ಮುಚ್ಚಿಡಬೇಕಾಗಿಲ್ಲ.

ಆದರೆ ಒಂದು ತಿಳುವಳಿಕೆ ತಪ್ಪಾಗಿದೆ. ಊರಲ್ಲಿ ಯಾರೂ ಕೇಳುವುದಿಲ್ಲ ಅಂದಮಾತ್ರಕ್ಕೆ ಕಾನೂನು ಬಿಟ್ಟಿದೆ ಅಂತ ಅರ್ಥ ಅಲ್ಲ. ನಮ್ಮ ದೇಶದಲ್ಲಿ 1985ರಿಂದ ಎನ್‌ಡಿಪಿಎಸ್ ಅನ್ನುವ ಕಾಯಿದೆ ಇದೆ. ಗಾಂಜಾ ಗಿಡದ ಹೂವಿನ ತೆನೆ, ಅದರ ಅಂಟಿನಿಂದ ಮಾಡುವ ಚರಸ್, ಎರಡೂ ಅದರಲ್ಲಿ ಬರುತ್ತವೆ. ತೆನೆ ಇಲ್ಲದ ಬರೀ ಎಲೆ ಮತ್ತು ಬೀಜ ಬರುವುದಿಲ್ಲ. ಅದಕ್ಕೇ ಉತ್ತರ ಭಾರತದಲ್ಲಿ ಭಾಂಗ್ ಅಂಗಡಿಗಳು ಇರುವುದು. ಸೇದಿ ಸಿಕ್ಕಿಬಿದ್ದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಹತ್ತು ಸಾವಿರದವರೆಗೆ ದಂಡ, ಇಲ್ಲವೇ ಎರಡೂ. ಒಂದು ಕಿಲೋವರೆಗೆ ಇಟ್ಟುಕೊಂಡಿದ್ದರೆ ಅದು "ಸಣ್ಣ ಪ್ರಮಾಣ", ಒಂದು ವರ್ಷದವರೆಗೆ ಶಿಕ್ಷೆ. ಇಪ್ಪತ್ತು ಕಿಲೋಗಿಂತ ಮೇಲೆ ಹೋದರೆ ಹತ್ತು ವರ್ಷಕ್ಕೆ ಕಡಿಮೆ ಇಲ್ಲ. ಮೆಕ್ಕೆಜೋಳದ ನಡುವೆ, ತೋಟದ ಮೂಲೆಯಲ್ಲಿ ನಾಲ್ಕು ಗಿಡ ಹಾಕಿದವರ ಸುದ್ದಿ ಪತ್ರಿಕೆಯಲ್ಲಿ ಓದುತ್ತೀರಲ್ಲ, ಅದಕ್ಕೆ ಹತ್ತು ವರ್ಷದವರೆಗೆ ಶಿಕ್ಷೆ ಆಗಬಹುದು. ಜಮೀನು ಯಾರ ಹೆಸರಿನಲ್ಲಿದೆ ಅಂತ ಒಮ್ಮೆ ಪಹಣಿ ತೆಗೆದು ನೋಡಿಕೊಳ್ಳಿ. ಎಷ್ಟೋ ಕಡೆ ನಿಮ್ಮ ಹೆಸರೇ ಇರುತ್ತದೆ.

ಈ "ಒಂದು ಕಿಲೋ ಸಣ್ಣ ಪ್ರಮಾಣ" ಅನ್ನುವುದನ್ನು ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ನಮ್ಮ ನಾಲ್ಕು ತಾಲ್ಲೂಕುಗಳಿಂದ ಹೊರದೇಶಕ್ಕೆ ಯಾರು ಹೋಗುತ್ತಾರೆ ಅಂತ ಕೇಳುವ ಕಾಲ ಹೋಯಿತು. ಚನ್ನಗಿರಿ ತಾಲ್ಲೂಕಿನ ಹಕ್ಕಿಪಿಕ್ಕಿ ಜನ ತಮ್ಮ ತೈಲ, ಗಿಡಮೂಲಿಕೆ ಹಿಡಿದು ಆಫ್ರಿಕಾದ ದೇಶಗಳನ್ನು ಸುತ್ತುತ್ತಾರೆ. 2023ರ ಏಪ್ರಿಲ್‌ನಲ್ಲಿ ಸುಡಾನ್ ದೇಶದಲ್ಲಿ ಯುದ್ಧ ಶುರುವಾದಾಗ ಅಲ್ಲಿ ಸಿಕ್ಕಿಕೊಂಡವರಲ್ಲಿ ಚನ್ನಗಿರಿಯವರೂ ಇದ್ದರು. ಆಗ ಸರ್ಕಾರ "ಆಪರೇಷನ್ ಕಾವೇರಿ" ಅಂತ ಹಡಗು, ವಿಮಾನ ಕಳಿಸಿ ಭಾರತೀಯರನ್ನು ಕರೆತಂದಿತು. ಹೊನ್ನಾಳಿ, ನ್ಯಾಮತಿ ಕಡೆಯ ಸಂಘಗಳಲ್ಲಿ ಡ್ರೈವರ್, ಗಾರೆ ಕೆಲಸ, ವೆಲ್ಡಿಂಗ್ ಅಂತ ಮಗನನ್ನೋ ಗಂಡನನ್ನೋ ಕಳಿಸಿದವರು ಇದ್ದೀರಿ. ಜಗಳೂರಿನ ಒಣ ಭೂಮಿಯಲ್ಲಿ ಮಳೆ ಕೈಕೊಟ್ಟ ವರ್ಷ ಬೆಂಗಳೂರಿಗೆ ಹೋದವರು ಅಲ್ಲಿಂದ ಮುಂದಕ್ಕೆ ಹೋಗಿದ್ದಾರೆ. ನರ್ಸಿಂಗ್ ಓದಿದ ಹೆಣ್ಣುಮಕ್ಕಳು, ಮನೆಗೆಲಸಕ್ಕೆ ಹೋದ ಹೆಣ್ಣುಮಕ್ಕಳು ಬೇರೆ.

ಹೋದವರು ಅಲ್ಲಿ ಹೇಗಿರುತ್ತಾರೆ? ವಾಪಸ್ ಬಂದ ಹುಡುಗರನ್ನು ಕೂರಿಸಿಕೊಂಡು ಕೇಳಿದ್ದೇವೆ. ಒಂದು ಕೋಣೆಯಲ್ಲಿ ಎಂಟು ಜನ, ಒಂದರ ಮೇಲೊಂದು ಮಂಚ. ಬಿಸಿಲು ಅಂದರೆ ನಮ್ಮ ಜಗಳೂರಿನ ಬಿಸಿಲು ತಂಪು ಅನ್ನಿಸುವಷ್ಟು. ವಾರಕ್ಕೊಂದು ರಜೆ. ರಜೆಯ ಹಿಂದಿನ ರಾತ್ರಿ ಎಲ್ಲರಿಗೂ ಮನೆಯ ನೆನಪು. ಆಗ ನಮ್ಮ ಭಾಷೆ ಆಡುವವನೊಬ್ಬ ಸಿಕ್ಕರೆ ದೇವರು ಸಿಕ್ಕ ಹಾಗೆ. ಅವನ ಹತ್ತಿರ "ಊರಿನ ಮಾಲು" ಇದ್ದರೆ ಇನ್ನೂ ಹೆಚ್ಚು. ಒಬ್ಬ ಹುಡುಗ ಬಿಚ್ಚು ಮನಸ್ಸಿನಿಂದ ಹೇಳಿದ: "ಸಿಸ್ಟರ್, ಎರಡು ದಮ್ ಎಳೆದರೆ ನಗು ಬರುತ್ತೆ, ಹಸಿವಾಗುತ್ತೆ, ನಿದ್ದೆ ಬರುತ್ತೆ. ನಮ್ಮೂರ ನಾಲೆ ಏರಿ ಮೇಲೆ ಕೂತ ಹಾಗೆ ಇರುತ್ತೆ." ಇದನ್ನು ನಾವು ಹೀಗಳೆಯುವುದಿಲ್ಲ. ಖುಷಿ ಇಲ್ಲದಿದ್ದರೆ ಯಾರಾದರೂ ಯಾಕೆ ಸೇದುತ್ತಾರೆ? "ಅದು ವಿಷ, ಮುಟ್ಟಿದರೆ ಸಾಯುತ್ತೀರಿ" ಅಂತ ಗೋಡೆಗೆ ಪೋಸ್ಟರ್ ಅಂಟಿಸಿದರೆ ಸೇದಿ ನಗುತ್ತಿರುವ ಹುಡುಗ ಅದನ್ನು ನಂಬುವುದಿಲ್ಲ, ನಮ್ಮ ಉಳಿದ ಮಾತನ್ನೂ ನಂಬುವುದಿಲ್ಲ.

ಅಂಥ ಕಟ್ಟುನಿಟ್ಟಿನ ದೇಶಗಳಲ್ಲೂ ಗುಟ್ಟಾಗಿ ಸೇದುವವರ ಗುಂಪುಗಳು ಇರುತ್ತವೆ. ದೊಡ್ಡ ಸಂಬಳದ ಬಿಳಿಯರಲ್ಲೂ ಇವೆ, ಕೂಲಿಯವರಲ್ಲೂ ಇವೆ. ಎರಡು ವರ್ಷ ಸೇದಿ ಏನೂ ಆಗದವನು ರಜೆಗೆ ಊರಿಗೆ ಬಂದು ಚಹಾದ ಅಂಗಡಿಯಲ್ಲಿ ಕೂತು ಕಥೆ ಹೇಳುತ್ತಾನೆ. ಕೇಳಿದ ಹುಡುಗರು "ಅಲ್ಲೂ ಎಲ್ಲ ನಡೆಯುತ್ತೆ" ಅಂದುಕೊಳ್ಳುತ್ತಾರೆ. ಸಿಕ್ಕಿಬಿದ್ದವನು ಚಹಾದ ಅಂಗಡಿಗೆ ಬರುವುದಿಲ್ಲ. ಅವನು ಜೈಲಿನಲ್ಲಿ ಇರುತ್ತಾನೆ, ಇಲ್ಲವೇ ನಾಚಿಕೆಯಿಂದ ಮನೆಯೊಳಗೆ ಇರುತ್ತಾನೆ. ಹಾಗಾಗಿ ನಮ್ಮ ಕಿವಿಗೆ ಬೀಳುವುದು ಅರ್ಧ ಕಥೆ.

ಉಳಿದ ಅರ್ಧ ಹೇಳುತ್ತೇವೆ. ದುಬೈ, ಅಬುಧಾಬಿ ಇರುವ ಯುಎಇ ದೇಶದಲ್ಲಿ 1995ರ ಕಾಯಿದೆ ಇದ್ದಾಗ ಸೇದಿದ್ದು ಸಾಬೀತಾದರೆ ಕಡಿಮೆ ಅಂದರೂ ನಾಲ್ಕು ವರ್ಷ ಜೈಲು. 2007ರಲ್ಲಿ ಇಂಗ್ಲೆಂಡಿನ ಒಬ್ಬ ಮನುಷ್ಯ ದುಬೈ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದ. ಅವನ ಬೂಟಿನ ತಳಕ್ಕೆ ಅಂಟಿಕೊಂಡಿದ್ದ ಗಾಂಜಾ ಚೂರು 0.003 ಗ್ರಾಂ. ಅಷ್ಟು ಚಿಕ್ಕದು. ನಾಲ್ಕು ವರ್ಷ ಶಿಕ್ಷೆ ಆಯಿತು. 2008ರಲ್ಲಿ ಕ್ಷಮಾದಾನ ಸಿಕ್ಕಿ ಬಿಡುಗಡೆಯಾದ, ಅದು ಬೇರೆ ಮಾತು. ನಮ್ಮ ಹುಡುಗರ ಪರವಾಗಿ ಬರೆಯಲು ಲಂಡನ್ನಿನ ಪತ್ರಿಕೆಗಳು ಇರುವುದಿಲ್ಲ. 2021ರಲ್ಲಿ ಆ ದೇಶ ಹೊಸ ಕಾನೂನು ತಂದು ಸ್ವಲ್ಪ ಸಡಿಲ ಮಾಡಿತು. ಈಗ ಮೊದಲ ಸಲ ಸೇದಿ ಸಿಕ್ಕಿಬಿದ್ದವನಿಗೆ ಕನಿಷ್ಠ ಮೂರು ತಿಂಗಳು ಜೈಲು, ಇಲ್ಲವೇ ಇಪ್ಪತ್ತು ಸಾವಿರದಿಂದ ಒಂದು ಲಕ್ಷ ದಿರ್ಹಮ್ ದಂಡ. ಇಪ್ಪತ್ತು ಸಾವಿರ ದಿರ್ಹಮ್ ಅಂದರೆ ನಮ್ಮ ದುಡ್ಡಿನಲ್ಲಿ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು. ಸಡಿಲ ಆದಮೇಲಿನ ಲೆಕ್ಕ ಇದು. ರಕ್ತದಲ್ಲಿ, ಮೂತ್ರದಲ್ಲಿ ಸಿಕ್ಕರೂ ಕೈಯಲ್ಲಿ ಸಿಕ್ಕಂತೆಯೇ ಅಲ್ಲಿ ಹಿಡಿಯಬಹುದು. ಯಾವ ಊರಲ್ಲಿ ಸೇದಿದೆ ಅಂತ ಮೂತ್ರ ಹೇಳುವುದಿಲ್ಲ. ಹೆಂಡ ಒಂದೆರಡು ದಿನದಲ್ಲಿ ದೇಹದಿಂದ ಹೋಗುತ್ತದೆ. ಗಾಂಜಾದ ಅಂಶ ಕೊಬ್ಬಿನಲ್ಲಿ ಕೂತುಬಿಡುತ್ತದೆ. ಅಪರೂಪಕ್ಕೆ ಸೇದುವವನಲ್ಲಿ ಕೆಲವು ದಿನ, ದಿನವೂ ಸೇದುವವನಲ್ಲಿ ಒಂದು ತಿಂಗಳು, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಪರೀಕ್ಷೆಗೆ ಸಿಗುತ್ತದೆ. ನಾಲೆ ಏರಿಯ ಪಾರ್ಟಿ ವಿಮಾನ ಹತ್ತಿ ಹೋಗಿದ್ದು ಹೀಗೆ.

ಇನ್ನು ಸಿಂಗಾಪುರ. ಅಲ್ಲಿ ಅರ್ಧ ಕಿಲೋಗಿಂತ ಹೆಚ್ಚು ಗಾಂಜಾ ಸಾಗಿಸಿದರೆ ಮರಣದಂಡನೆ. 2023ರ ಏಪ್ರಿಲ್‌ನಲ್ಲಿ ತಮಿಳು ಮೂಲದ ನಲವತ್ತಾರು ವರ್ಷದ ಒಬ್ಬ ಮನುಷ್ಯನನ್ನು ಅಲ್ಲಿ ಗಲ್ಲಿಗೇರಿಸಿದರು. ಸುಮಾರು ಒಂದು ಕಿಲೋ ಗಾಂಜಾ ತರಿಸುವುದರಲ್ಲಿ ಕೈಜೋಡಿಸಿದ್ದ ಅಂತ ಆರೋಪ. ಆ ಗಾಂಜಾವನ್ನು ಅವನು ಮುಟ್ಟಿಯೂ ಇರಲಿಲ್ಲ. ಅವನದು ಅಂತ ಹೇಳಲಾದ ಫೋನ್ ನಂಬರಿನಿಂದ ಅವನನ್ನು ಹಿಡಿದಿದ್ದರು. ಬೇಡ ಅಂತ ಎಷ್ಟೋ ದೇಶದವರು ಕೇಳಿಕೊಂಡರು, ಆಗಲಿಲ್ಲ. ಒಂದು ಕಿಲೋ, ನೆನಪಾಯಿತೇ? ನಮ್ಮ ಕಾನೂನಿನಲ್ಲಿ "ಸಣ್ಣ ಪ್ರಮಾಣ" ಅಂದೆವಲ್ಲ, ಹೆಚ್ಚುಕಡಿಮೆ ಅಷ್ಟೇ ತೂಕ. ಗಲ್ಲು ಶಿಕ್ಷೆ ಸರಿ ಅಂತ ನಾವು ಹೇಳುತ್ತಿಲ್ಲ. ನಮ್ಮ ಧರ್ಮಸಭೆ ಅದನ್ನು ಒಪ್ಪುವುದಿಲ್ಲ, ನಮಗೂ ಅದನ್ನು ನೆನೆದರೆ ಹೊಟ್ಟೆ ಕಲಸುತ್ತದೆ. ಸೌದಿ ಅರೇಬಿಯಾದಲ್ಲಿಯೂ ಮಾದಕ ವಸ್ತುವಿನ ಅಪರಾಧಗಳಿಗೆ ಮರಣದಂಡನೆ ಕೊಡುವುದನ್ನು ಸ್ವಲ್ಪ ಕಾಲ ನಿಲ್ಲಿಸಿದ್ದು 2022ರ ನವೆಂಬರ್‌ನಲ್ಲಿ ಮತ್ತೆ ಶುರು ಮಾಡಿದರು.

ಓದಿದ ಹುಡುಗರು ಇಲ್ಲೊಂದು ವಾದ ಹಾಕುತ್ತಾರೆ. "ಕೆನಡಾದಲ್ಲಿ ಅಂಗಡಿಯಲ್ಲೇ ಮಾರ್ತಾರೆ, ಥಾಯ್ಲೆಂಡಲ್ಲಿ ಬಿಟ್ಟಿದ್ದಾರೆ." ಕೆನಡಾದಲ್ಲಿ 2018ರಿಂದ ಮಾರುವುದು ನಿಜ. ಥಾಯ್ಲೆಂಡ್ 2022ರಲ್ಲಿ ಬಿಟ್ಟಿತ್ತು, 2025ರಲ್ಲಿ ಡಾಕ್ಟರ ಚೀಟಿ ಇಲ್ಲದೆ ಕೊಡುವಂತಿಲ್ಲ ಅಂತ ಮತ್ತೆ ಬಿಗಿ ಮಾಡಿತು. ಬ್ಯಾಂಕಾಕ್‌ನಿಂದ ಗಾಂಜಾ ತಂದು ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದವರ ಸುದ್ದಿ ಮೇಲಿಂದ ಮೇಲೆ ಬರುತ್ತದೆ. ಅದರಲ್ಲಿ ಕೆಲವರು ಇನ್ನೊಬ್ಬರಿಗೆ ಚೀಲ ಹೊತ್ತ ಕಾಲೇಜು ಹುಡುಗರು. ಟಿಕೆಟ್ಟು, ಹೋಟೆಲು, ಕೈಗೆ ಸ್ವಲ್ಪ ದುಡ್ಡು ಕೊಡುತ್ತೇವೆ, ಬರುವಾಗ ಒಂದು ಚೀಲ ತಂದರೆ ಸಾಕು ಅಂತ ಯಾರಾದರೂ ನಿಮ್ಮ ಮಕ್ಕಳಿಗೆ ಹೇಳಿದರೆ ಚೀಲದಲ್ಲಿ ಏನಿರುತ್ತದೆ ಅಂತ ನೀವೇ ಊಹಿಸಿ.

ಚೀಲ ಅಂದಮೇಲೆ ನಿಮ್ಮ ಕೆಲಸಕ್ಕೇ ಬಂದೆವು. ಮಗನ ಚೀಲ ತುಂಬುವವರು ಯಾರು? ನೀವೇ ತಾನೆ.

2019ರ ಜುಲೈಯಲ್ಲಿ ಮುಂಬೈಯ ಗಂಡ ಹೆಂಡತಿ ಕತಾರ್ ದೇಶದ ದೋಹಾಕ್ಕೆ ಹೋದರು. ಸಂಬಂಧಿಕರೊಬ್ಬರು ಪ್ರೀತಿಯಿಂದ ತಾವೇ ಖರ್ಚು ಹಾಕಿ ಕಳಿಸಿದ ಪ್ರವಾಸ. ಜೊತೆಗೆ ಅಲ್ಲಿ ಒಬ್ಬರಿಗೆ ಕೊಡಿ ಅಂತ ಒಂದು ಪೊಟ್ಟಣವನ್ನೂ ಕೊಟ್ಟಿದ್ದರು, ಜರ್ದಾ ಅಂತ ಹೇಳಿ. ವಿಮಾನ ನಿಲ್ದಾಣದಲ್ಲಿ ತೆಗೆದು ನೋಡಿದರೆ ನಾಲ್ಕು ಕಿಲೋ ಚರಸ್. ಇಬ್ಬರಿಗೂ ಹತ್ತು ಹತ್ತು ವರ್ಷ ಶಿಕ್ಷೆ ಆಯಿತು. ಹೆಂಡತಿ ಬಸುರಿ. ಜೈಲಿನಲ್ಲೇ ಹೆಣ್ಣು ಮಗು ಹುಟ್ಟಿತು. ಇತ್ತ ಮುಂಬೈಯಲ್ಲಿ ಮನೆಯವರು ಸುಮ್ಮನೆ ಕೂರಲಿಲ್ಲ. ನಮ್ಮ ದೇಶದ ಮಾದಕ ವಸ್ತು ನಿಯಂತ್ರಣ ಬ್ಯೂರೋಗೆ ದೂರು ಕೊಟ್ಟು, ತನಿಖೆ ಆಗಿ, ಆ ದಂಪತಿಗೆ ಗೊತ್ತಿಲ್ಲದೆ ಆಗಿದ್ದು ಅನ್ನುವುದು ಹೊರಗೆ ಬಂದು, ಕತಾರಿನ ದೊಡ್ಡ ಕೋರ್ಟು ಮತ್ತೆ ವಿಚಾರಣೆ ಮಾಡಿಸಿ, 2021ರಲ್ಲಿ ಬಿಡುಗಡೆ ಆಯಿತು. ಇಬ್ಬರಾಗಿ ಹೋದವರು ಮೂವರಾಗಿ ಬಂದರು. ನಡುವೆ ಒಂದು ವರ್ಷ ಒಂಬತ್ತು ತಿಂಗಳು ಹೋಯಿತು. ಅಷ್ಟರಲ್ಲಿ ಬಿಡುಗಡೆ ಆಗಿದ್ದೇ ಪುಣ್ಯ ಅನ್ನುವವರು ಇದ್ದಾರೆ, ನಾವೂ ಹಾಗೇ ಅಂದುಕೊಂಡೆವು.

ಹಾಗಾಗಿ ಅತ್ತೆ ಕೊಟ್ಟಿದ್ದು, ಓಣಿಯವರು ಕೊಟ್ಟಿದ್ದು, ಏಜೆಂಟ್ ಕೊನೆ ಗಳಿಗೆಯಲ್ಲಿ "ನಮ್ಮ ಹುಡುಗನಿಗೆ ಕೊಟ್ಟುಬಿಡಿ" ಅಂತ ಕೈಗಿತ್ತಿದ್ದು, ಯಾವುದನ್ನೂ ಹೊಲಿಗೆ ಹಾಕಿದ ಹಾಗೆ, ಗಂಟು ಕಟ್ಟಿದ ಹಾಗೆ ತೆಗೆದುಕೊಳ್ಳಬೇಡಿ. ಬಿಚ್ಚಿ ನೋಡಿದರೆ ಸಿಟ್ಟಾಗುತ್ತಾರೆ ಅನ್ನುತ್ತೀರಿ. ಆಗಲಿ ಬಿಡಿ.

ಗಾಂಜಾ ಅಲ್ಲದ ಒಂದು ವಸ್ತು ನಿಮ್ಮ ಅಡುಗೆಮನೆಯಲ್ಲೇ ಇದೆ. ಗಸಗಸೆ. ಅಫೀಮಿನ ಗಿಡದ ಬೀಜ ಅದು. ಇಲ್ಲಿ ಕಿರಾಣಿ ಅಂಗಡಿಯಲ್ಲಿ ಸಿಗುತ್ತದೆ, ಪಾಯಸ ಮಾಡುತ್ತೇವೆ, ಕುರ್ಮಾಕ್ಕೆ ಅರೆಯುತ್ತೇವೆ. ಯುಎಇ, ಸೌದಿ, ಸಿಂಗಾಪುರಗಳಲ್ಲಿ ಅದು ನಿಷೇಧ. ನಮ್ಮ ಸಂಘಗಳಲ್ಲಿ ಮಸಾಲೆ ಪುಡಿ ಮಾಡಿ ಮಾರುವವರು ಇದ್ದೀರಿ. ನಿಮ್ಮ ಪುಡಿಯಲ್ಲಿ ಗಸಗಸೆ ಇದ್ದರೆ ಪೊಟ್ಟಣದ ಮೇಲೆ ಬರೆಯಿರಿ, ಹೊರದೇಶಕ್ಕೆ ಅಂತ ಕೊಳ್ಳುವವರಿಗೆ ಬಾಯಲ್ಲಿ ಹೇಳಿ. ಹಾಗೆಯೇ ಕೆಮ್ಮಿನ ಔಷಧಿ, ನೋವಿನ ಮಾತ್ರೆ. ಅದರಲ್ಲಿ ಕೆಲವು ಅಲ್ಲಿ ಅನುಮತಿ ಇಲ್ಲದೆ ಒಯ್ಯುವಂತಿಲ್ಲ. ಡಾಕ್ಟರ ಚೀಟಿ ಜೊತೆಗೆ ಇರಬೇಕು, ಆ ದೇಶದ ನಿಯಮವನ್ನೂ ಮೊದಲೇ ಕೇಳಿ ತಿಳಿಯಬೇಕು.

ಒಂದು ವೇಳೆ ಹಿಡಿದೇ ಬಿಟ್ಟರೆ? ನಮ್ಮ ರಾಯಭಾರ ಕಚೇರಿಗೆ ತಿಳಿಸಿ ಅಂತ ಕೇಳುವ ಹಕ್ಕು ಪ್ರತಿಯೊಬ್ಬ ಭಾರತೀಯನಿಗೂ ಇದೆ. ಆ ಒಂದು ಮಾತನ್ನು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಹೇಳುವುದನ್ನು ಹೋಗುವ ಮೊದಲೇ ಬಾಯಿಪಾಠ ಮಾಡಿಸಿ. ಅರಬ್ಬಿಯಲ್ಲಿ ಬರೆದ ಕಾಗದಕ್ಕೆ ಏನು ಅಂತ ತಿಳಿಯದೆ ಸಹಿ ಹಾಕಬಾರದು, ಭಾಷೆ ತಿಳಿಸುವವರನ್ನು ಕೇಳಬೇಕು. ಮನೆಯವರು ಇಲ್ಲಿಂದ ವಿದೇಶಾಂಗ ಇಲಾಖೆಯ "ಮದದ್" ಅನ್ನುವ ಜಾಲತಾಣದಲ್ಲಿ ದೂರು ಹಾಕಬಹುದು. ಪಾಸ್‌ಪೋರ್ಟಿನ, ವೀಸಾದ, ಕೆಲಸದ ಕರಾರಿನ ಜೆರಾಕ್ಸ್ ಮನೆಯಲ್ಲಿ ಇಲ್ಲದಿದ್ದರೆ ಏನು ಹಾಕುತ್ತೀರಿ? ಆ ತಾಯಿಯ ಹತ್ತಿರ ಮಗನ ಫೋಟೋ ಬಿಟ್ಟು ಬೇರೆ ಒಂದು ಕಾಗದ ಇರಲಿಲ್ಲ. ಎಲ್ಲ ಹುಡುಗನ ಫೋನಿನಲ್ಲಿತ್ತು, ಫೋನು ಪೊಲೀಸರ ಹತ್ತಿರ ಇತ್ತು.

ಸೇದುವ ಹುಡುಗರಿಗೆ ಇಲ್ಲೇ ಇರುವಾಗ ಬಿಡಿಸುವ ದಾರಿ ಇದೆ. ಇದನ್ನು ಹೆಚ್ಚಿನವರು ಕೇಳಿಯೇ ಇಲ್ಲ. ನಮ್ಮ ಎನ್‌ಡಿಪಿಎಸ್ ಕಾಯಿದೆಯಲ್ಲೇ 64ಎ ಅಂತ ಒಂದು ಕಲಂ ಇದೆ. ಚಟಕ್ಕೆ ಬಿದ್ದವನು ಸೇದಿದ್ದಕ್ಕೋ ಸಣ್ಣ ಪ್ರಮಾಣ ಇಟ್ಟುಕೊಂಡಿದ್ದಕ್ಕೋ ಕೇಸಿನಲ್ಲಿ ಸಿಕ್ಕಿದ್ದರೂ, ತಾನಾಗಿ ಸರ್ಕಾರ ಒಪ್ಪಿದ ಆಸ್ಪತ್ರೆಗೆ ಸೇರಿ ಚಿಕಿತ್ಸೆ ತೆಗೆದುಕೊಂಡರೆ ಅವನ ಮೇಲೆ ಆ ಮೊಕದ್ದಮೆ ನಡೆಸುವುದಿಲ್ಲ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ಹಾಗಾಗಿ ಆಸ್ಪತ್ರೆಗೆ ಕರೆದುಕೊಂಡು ಹೋದರೆ ಪೊಲೀಸರಿಗೆ ಹಿಡಿದುಕೊಟ್ಟಂತೆ ಅಂತ ಹೆದರಬೇಡಿ. ಫೋನಿನಲ್ಲಿ ಕೇಳಬೇಕೆಂದರೆ 14446 ಮತ್ತು 1933, ಎರಡೂ ಸರ್ಕಾರದ ಸಹಾಯವಾಣಿ. ಇಲ್ಲೇ ಕೂತವರು ಬರೆದುಕೊಳ್ಳಿ, ಪುಸ್ತಕ ಬರೆಯುವವರು ನಡಾವಳಿ ಪುಸ್ತಕದ ಕೊನೆ ಹಾಳೆಯಲ್ಲಿ ಬರೆಯಲಿ.

ಈಗ ಸಾಲದ ವಿಷಯ. ಆ ತಾಯಿಯ ಮಗ ಮೂರು ತಿಂಗಳು ಅಲ್ಲಿ ಜೈಲಿನಲ್ಲಿದ್ದು, ವಾಪಸ್ ಕಳಿಸಿದ ಮೇಲೆ ಹಾಕಿದ ಬಟ್ಟೆಯಲ್ಲೇ ಬಂದ. ಒಂದು ತಿಂಗಳ ಸಂಬಳ ಕೂಡ ಕೈಗೆ ಸಿಕ್ಕಿರಲಿಲ್ಲ. ಇಲ್ಲಿ ನಾಲ್ಕು ಕಂತು ನಿಂತಿತ್ತು. ಸಂಘದಲ್ಲಿ ಜಗಳ ಆಯಿತು. "ಗಾಂಜಾ ಸೇದಿದವನ ಸಾಲ ನಾವ್ಯಾಕೆ ಹೊರಬೇಕು" ಅಂತ ಒಬ್ಬರು. "ನಿನ್ ಮಗ ಕುಡಿದು ಬೈಕಿಂದ ಬಿದ್ದಾಗ ಆಸ್ಪತ್ರೆಗೆ ಸಾಲ ಕೊಟ್ಟಿದ್ವಲ್ಲ" ಅಂತ ಇನ್ನೊಬ್ಬರು. ಒಂದು ವಾರ ಸಭೆಯೇ ನಡೆಯಲಿಲ್ಲ. ಆ ತಾಯಿ ಉಳಿತಾಯದ ದುಡ್ಡನ್ನು ಪಕ್ಕದ ಮನೆಯವರ ಕೈಯಲ್ಲಿ ಕಳಿಸಿ ತಾವು ಬರದೇ ಉಳಿದರು. ನಮಗೆ ಬಹಳ ನೋವಾಗಿದ್ದು ಅದು. ಹತ್ತು ವರ್ಷ ಒಂದು ವಾರ ತಪ್ಪಿಸದೆ ಚಾಪೆಯ ಮೇಲೆ ಬಂದು ಕೂತ ಹೆಣ್ಣುಮಗಳು. ಸೆರೆಯಲ್ಲಿ ಇರುವವರನ್ನು ಹೋಗಿ ನೋಡಬೇಕು ಅಂತ ಯೇಸುಸ್ವಾಮಿ ಹೇಳಿದ ಮಾತಿನಂತೆ ನಾವು ಜೈಲುಗಳಿಗೆ ಹೋಗುತ್ತೇವೆ. ಬಿಡುಗಡೆಯಾಗಿ ಮನೆಗೆ ಬಂದವನ ತಾಯಿ ಮನೆಯಲ್ಲೇ ಸೆರೆ ಇದ್ದದ್ದು ನಮಗೆ ತಡವಾಗಿ ಕಂಡಿತು.

ಮೂರನೇ ವಾರ ಆ ಸಂಘದವರು ತಾವೇ ಅವರ ಮನೆಯ ಜಗುಲಿಯ ಮೇಲೆ ಸಭೆ ಇಟ್ಟರು. ಯಾರ ಯೋಚನೆ ಅಂತ ಕೇಳಿದರೆ ಯಾರೂ ಹೇಳುವುದಿಲ್ಲ. ಕಂತನ್ನು ಅರ್ಧ ಮಾಡಿ ಅವಧಿ ಹೆಚ್ಚಿಸಿದರು. ಬಡ್ಡಿ ಬಿಡಲಿಲ್ಲ, ಅದು ಎಲ್ಲರ ದುಡ್ಡು. ಇನ್ನು ಮುಂದೆ ಹೊರದೇಶಕ್ಕೆ ಹೋಗುವವರಿಗೆ ಸಾಲ ಕೊಡುವ ಮೊದಲು ಹೋಗುವವನನ್ನೂ, ತಾಯಿ ಅಥವಾ ಹೆಂಡತಿಯನ್ನೂ ಕೂರಿಸಿಕೊಂಡು ಮಾತಾಡಬೇಕು ಅಂತ ನಡಾವಳಿ ಬರೆದರು. ಅಭ್ಯಾಸ ಇದ್ದರೆ ಸಾಲ ಇಲ್ಲ ಅಂತ ಬರೆಯಲು ಒಬ್ಬರು ಹೇಳಿದ್ದರು. ನಾವು ಬೇಡ ಅಂದೆವು. ಹಾಗೆ ಬರೆದರೆ ಎಲ್ಲರೂ "ಇಲ್ಲ" ಅಂತಲೇ ಹೇಳುತ್ತಾರೆ, ಮತ್ತೆ ಮೊದಲಿನ ಹಾಗೇ ಆಗುತ್ತದೆ. ಅಭ್ಯಾಸ ಇದ್ದರೆ ಪ್ರಯಾಣ ಎರಡು ಮೂರು ತಿಂಗಳು ಮುಂದಕ್ಕೆ ಹಾಕಿ, ಬಿಟ್ಟ ಮೇಲೆ ಹೋಗಲಿ ಅಂತ ತೀರ್ಮಾನ ಆಯಿತು. ಸಾಲ ಅಲ್ಲಿವರೆಗೆ ಸಂಘದಲ್ಲೇ ಇರುತ್ತದೆ.

ಆಮೇಲೆ ಎರಡು ಅರ್ಜಿ ಬಂದಿವೆ. ಒಬ್ಬ ಹುಡುಗ ತಲೆ ತಗ್ಗಿಸಿ "ಇದೆ" ಅಂದ. ತಾಯಿ ಅಲ್ಲೇ ಅವನ ಬೆನ್ನಿಗೆ ಒಂದು ಗುದ್ದಿದರು. ಎಲ್ಲರೂ ನಕ್ಕರು, ಅವನೂ ನಕ್ಕ. ಈಗ ಅವನು ಆಸ್ಪತ್ರೆಗೆ ಹೋಗಿ ಬರುತ್ತಿದ್ದಾನೆ.

ಮೊದಲಿನ ಹುಡುಗ ಈ ಸೀಸನ್ನಿನಲ್ಲಿ ಅಡಿಕೆ ಚೇಣಿ ಹಿಡಿದವರ ಹತ್ತಿರ ಲೋಡಿಂಗ್ ಕೆಲಸಕ್ಕೆ ಹೋಗುತ್ತಿದ್ದಾನೆ. ಸಂಜೆ ನಾಲೆ ಏರಿ ಕಡೆ ಹೋಗುವುದಿಲ್ಲ ಅಂತ ತಾಯಿ ಹೇಳುತ್ತಾರೆ, ನಾವು ಕೆದಕಿ ಕೇಳಿಲ್ಲ. ಬೇರೆ ಯಾವುದಾದರೂ ದೇಶಕ್ಕೆ ಮತ್ತೆ ಹೋಗಬೇಕು ಅನ್ನುವುದು ಅವನ ಆಸೆ. ಬರುವ ಗುರುವಾರ ಆ ತಾಯಿ ಸಂಘದಲ್ಲಿ ಅದನ್ನು ಕೇಳುತ್ತಾರಂತೆ. ನಾವೂ ಹೋಗುತ್ತೇವೆ. ಸಂಘದವರು ಏನು ಹೇಳುತ್ತಾರೋ ನೋಡಬೇಕು.

ಈಗ ನಿಮ್ಮ ನಿಮ್ಮ ಸಂಘದ ಮರುಪಾವತಿ ಪುಸ್ತಕ ತೆಗೆಯಿರಿ. ಜಗಳೂರಿನವರಿಗೆ ಬಸ್ಸಿದೆ, ಅವರದೇ ಮೊದಲು ನೋಡೋಣ.